ಮೈಸೂರು ರೈಲ್ವೆ ಮ್ಯೂಸಿಯಂ: ಮಹಾರಾಣಿಯ ಊಟದ ಬೋಗಿ ನೋಡೋಕಾದ್ರೂ ಹೋಗಿ ಬನ್ನಿ

ಮೈಸೂರಿಗೆ ಬಂದವರು ಅರಮನೆ, ಝೂ, ಬೆಟ್ಟ, ಸಂಜೆಗೆ ಬೃಂದಾವನ ಅಂತ ಓಡಾಡಿ ರಾತ್ರಿ ರೈಲು ಹತ್ತಿಬಿಡುತ್ತಾರೆ. ಆ ರೈಲು ಹತ್ತುವ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ, ಕೆಆರ್‌ಎಸ್ ರಸ್ತೆಯಲ್ಲಿ ಸಿಎಫ್‌ಟಿಆರ್‌ಐ ಎದುರಿಗೆ, ಒಂದು ರೈಲ್ವೆ ಮ್ಯೂಸಿಯಂ ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗೊತ್ತಿದ್ದವರೂ ಅದನ್ನು ಮಕ್ಕಳ ಪಾರ್ಕ್ ಅಂದುಕೊಂಡಿದ್ದಾರೆ. ನನಗೆ ಇದು ಮೈಸೂರಿನಲ್ಲಿ ತುಂಬಾ ಇಷ್ಟವಾದ ಜಾಗಗಳಲ್ಲಿ ಒಂದು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮ್ಯೂಸಿಯಂ ಶುರುವಾಗಿದ್ದು 1979ರಲ್ಲಿ. ದೆಹಲಿಯ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ 1977ರದ್ದು, ಅದಾದ ಮೇಲೆ ದೇಶದಲ್ಲಿ ಎರಡನೆಯದು ಇದೇ. ದೊಡ್ಡದಲ್ಲ. ಮರಗಳ ನಡುವೆ ಹಳಿ ಹಾಕಿ, ಅದರ ಮೇಲೆ ಹಳೆಯ ಎಂಜಿನ್, ಬೋಗಿ, ಸಿಗ್ನಲ್ ಎಲ್ಲ ನಿಲ್ಲಿಸಿದ್ದಾರೆ. 2020ರ ಹೊತ್ತಿಗೆ ನವೀಕರಣವೂ ಆಯ್ತು. ಚಿಕ್ಕ ಜಾಗ ಆಗಿರೋದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಗಾಜಿನ ಪೆಟ್ಟಿಗೆಯೊಳಗೆ ಇಟ್ಟದ್ದನ್ನು ದೂರದಿಂದ ನೋಡಿ ಮುಂದೆ ಹೋಗುವ ಜಾಗ ಅಲ್ಲ ಇದು. ಎಂಜಿನ್ ಪಕ್ಕದಲ್ಲೇ ನಿಂತು, ನಮ್ಮ ಎದೆಮಟ್ಟಕ್ಕೆ ಬರುವ ಚಕ್ರವನ್ನು ಕೈಯಲ್ಲಿ ಮುಟ್ಟಿ ನೋಡಬಹುದು.

ಈ ಸಲ ನನ್ನ ಜೊತೆ ಚಿಕ್ಕಪ್ಪ ಬಂದಿದ್ದರು, ಅಕ್ಕನ ಮಗನೂ ಇದ್ದ. ಚಿಕ್ಕಪ್ಪ ವಯಸ್ಸಿನಲ್ಲಿ ಅರಸೀಕೆರೆ ಕಡೆ ಸ್ಟೀಮ್ ಎಂಜಿನ್‌ನಲ್ಲಿ ಫೈರ್‌ಮನ್, ಅಂದರೆ ಡ್ರೈವರ್ ಜೊತೆಗಿದ್ದು ಬೆಂಕಿ, ನೀರು ನೋಡಿಕೊಳ್ಳುವವರು ಆಗಿದ್ದರು. ಅವರ ಜೊತೆ ನೋಡಿದ್ದರಿಂದ ಮ್ಯೂಸಿಯಂ ನನಗೆ ಬೇರೆಯೇ ಥರ ಕಂಡಿತು ಅಂದರೆ ತಪ್ಪಿಲ್ಲ. ನಿಮ್ಮ ಮನೆಯಲ್ಲೂ ರೈಲ್ವೆಯಿಂದ ನಿವೃತ್ತರಾದ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ಅವರನ್ನು ಕರೆದುಕೊಂಡು ಹೋಗಿ. ಬೋರ್ಡ್ ಓದೋದಕ್ಕಿಂತ ಅವರ ಬಾಯಲ್ಲಿ ಕೇಳೋದು ಎಷ್ಟೋ ಜಾಸ್ತಿ.

ಮೊದಲು ಕಣ್ಣಿಗೆ ಬೀಳೋದು ಸ್ಟೀಮ್ ಎಂಜಿನ್‌ಗಳೇ. ಅದರಲ್ಲಿ ಇಎಸ್ 506 ಅನ್ನುವುದು ಮುಖ್ಯವಾದದ್ದು. ಚಕ್ರದ ಲೆಕ್ಕದಲ್ಲಿ ಅದು 4-6-2, ಅಂದರೆ ಮುಂದೆ ದಾರಿ ತೋರಿಸುವ ಸಣ್ಣ ಚಕ್ರ 4, ನಡುವೆ ಎಳೆಯುವ ದೊಡ್ಡ ಚಕ್ರ 6, ಹಿಂದೆ ಭಾರ ಹೊರುವುದಕ್ಕೆ 2. ಮಕ್ಕಳಿಗೆ ಇದನ್ನು ಎಣಿಸೋಕೆ ಹೇಳಿ, ಒಂದು ಕಡೆಯಿಂದ ಎಣಿಸಿದರೆ ಅರ್ಧ ಮಾತ್ರ ಸಿಗುತ್ತೆ, ಸುತ್ತು ಹಾಕಿ ಬರಬೇಕು. ಇಂಗ್ಲೆಂಡಿನ ಬ್ಯಾಗ್ನಲ್ ಕಂಪನಿಯ ಎಂಜಿನ್ ಕೂಡ ಇದೆ. ಇದರ ಜೊತೆ ಆಸ್ಟಿನ್ ಕಾರು ಒಂದಿದೆ, ಹಳಿ ಮೇಲೆ ಓಡುವ ಮೋಟಾರು ಗಾಡಿ. ನೋಡಿದ ತಕ್ಷಣ ಎಲ್ಲರೂ ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಾರೆ. ಒಬ್ಬ ಅಧಿಕಾರಿ ದಾರಿ ಪರೀಕ್ಷೆ ಮಾಡಿ ಬರೋದಕ್ಕೆ ಇಡೀ ಎಂಜಿನ್‌ಗೆ ಬೆಂಕಿ ಹಾಕೋದು ಬೇಡ, ಇಂಥ ಗಾಡಿ ಸಾಕು. ಅಷ್ಟು ಸರಳವಾದ ಲೆಕ್ಕಾಚಾರ.

ಎಂಜಿನ್‌ನ ಕ್ಯಾಬ್, ಅಂದರೆ ಡ್ರೈವರ್ ನಿಲ್ಲುವ ಜಾಗದ ಮುಂದೆ ಚಿಕ್ಕಪ್ಪ ತುಂಬಾ ಹೊತ್ತು ನಿಂತರು. ಅಕ್ಕನ ಮಗ ಒಳಗೆಲ್ಲ ಹುಡುಕಿ, “ತಾತ, ಇದಕ್ಕೆ ಸ್ಟೀರಿಂಗ್ ಎಲ್ಲಿ?” ಅಂದ. “ಹಳಿನೇ ಸ್ಟೀರಿಂಗ್ ಕಣೋ. ಡ್ರೈವರ್‌ಗೆ ಇರೋದು ಎರಡೇ ಕೆಲಸ, ಬಿಡೋದು, ಹಿಡಿಯೋದು. ಉಳಿದದ್ದೆಲ್ಲ ನಮ್ಮ ತಲೆ ಮೇಲೆ” ಅಂದರು ಚಿಕ್ಕಪ್ಪ. ಆಮೇಲೆ ನೀರಿನ ಗಾಜು ಇರುವ ಜಾಗ ತೋರಿಸಿದರು. ಬಾಯ್ಲರ್‌ನಲ್ಲಿ ನೀರು ಎಷ್ಟಿದೆ ಅಂತ ತೋರಿಸೋ ಗಾಜಿನ ಕೊಳವೆ ಅದು. ಒಲೆಯ ಮೇಲಿನ ತಗಡು ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು. ನೀರು ಇಳಿದರೆ ಆ ತಗಡು ಕೆಂಪಗೆ ಕಾದು, ಒಳಗಿನ ಒತ್ತಡಕ್ಕೆ ಸಿಡಿಯುತ್ತೆ. ಅದಾಗದಿರಲಿ ಅಂತಲೇ ಅಲ್ಲಿ ಸೀಸದ ಪ್ಲಗ್ ಹಾಕಿರುತ್ತಾರೆ. ಬಿಸಿ ಮಿತಿ ಮೀರಿದರೆ ಮೊದಲು ಸೀಸ ಕರಗಿ, ಆ ತೂತಿನಿಂದ ಹಬೆ ಬೆಂಕಿ ಮೇಲೆ ನುಗ್ಗಿ, ಅಪಾಯ ಅಂತ ಗೊತ್ತಾಗುತ್ತೆ. “ಬೆಂಕಿ ಕಡಿಮೆ ಆದ್ರೆ ಗಾಡಿ ನಿಲ್ಲುತ್ತೆ ಅಷ್ಟೇ ಕಣಪ್ಪ. ನೀರು ಕಡಿಮೆ ಆದ್ರೆ ನಾವೇ ಇರಲ್ಲ” ಅಂದರು. ಕಲ್ಲಿದ್ದಲು ಎತ್ತಿ ಎತ್ತಿ ಹಾಕೋದೇ ಫೈರ್‌ಮನ್ ಕೆಲಸ ಅಂತ ನಾನು ಅಂದುಕೊಂಡಿದ್ದೆ. ಕಣ್ಣು ಸದಾ ಗಾಜಿನ ಮೇಲೆ, ಕೈ ಸಲಿಕೆ ಮೇಲೆ, ಕಿವಿ ಡ್ರೈವರ್ ಮಾತಿನ ಮೇಲೆ. ಹೀಗೇ ರಾತ್ರಿಯೆಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮ್ಯೂಸಿಯಂ ಒಳಗೆ ಶ್ರೀರಂಗ ಪೆವಿಲಿಯನ್ ಅಂತ ಒಂದು ಕಟ್ಟಡ ಇದೆ. ಮೈಸೂರು ಮಹಾರಾಣಿಯ ಸಲೂನ್ (ಅವರಿಗೇ ಅಂತ ಮಾಡಿಸಿದ ಖಾಸಗಿ ಬೋಗಿ), ಅದರ ಅಡುಗೆಮನೆ, ಊಟದ ವ್ಯವಸ್ಥೆ, ಸ್ನಾನ ಶೌಚದ ಕೋಣೆ ಎಲ್ಲ ಇರೋದು ಇಲ್ಲೇ. ಕಾಲ 1899. ಎಂಜಿನ್ ನೋಡಿ ಸುಸ್ತಾಗಿ ಇಲ್ಲಿಗೆ ಬರಬೇಡಿ, ಮೊದಲು ಇಲ್ಲಿಗೇ ಬನ್ನಿ. ಇಲ್ಲಿ ಸುಮ್ನೆ ಇಣುಕಿ ಮುಂದೆ ಹೋಗುವವರೇ ಜಾಸ್ತಿ. “ಓ, ರಾಣಿ ಬೋಗಿ” ಅನ್ನುತ್ತಾರೆ, ಒಂದು ಸೆಲ್ಫಿ, ಮುಗೀತು.

ಸ್ವಲ್ಪ ಯೋಚನೆ ಮಾಡಿ. ರೈಲಿನಲ್ಲಿ ಅಡುಗೆಮನೆ ಯಾಕೆ ಬೇಕಿತ್ತು? ಆಗಿನ ಬೋಗಿಗಳಲ್ಲಿ ಈಗಿನ ಹಾಗೆ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗೋ ದಾರಿ ಇರಲಿಲ್ಲ. ಹತ್ತಿದ ಬೋಗಿಯಲ್ಲೇ ಇರಬೇಕು, ಮುಂದಿನ ಸ್ಟೇಷನ್ ಬರೋ ತನಕ. ಊಟದ ಬೋಗಿ ಇದ್ದ ದೊಡ್ಡ ಮೇಲ್ ಗಾಡಿಗಳಲ್ಲೂ ಜನ ಒಂದು ಸ್ಟೇಷನ್‌ನಲ್ಲಿ ಇಳಿದು ಊಟದ ಬೋಗಿ ಹತ್ತಿ, ಉಂಡು, ಮತ್ತೊಂದು ಸ್ಟೇಷನ್‌ನಲ್ಲಿ ತಮ್ಮ ಬೋಗಿಗೆ ವಾಪಸ್ ಬರಬೇಕಿತ್ತು. ಅದರ ಮೇಲೆ ಮಡಿ, ಮೈಲಿಗೆ. ಯಾರೋ ಮಾಡಿದ ಅಡುಗೆ ಉಣ್ಣೋ ಕಾಲ ಅಲ್ಲ ಅದು, ದಾರಿ ಖರ್ಚಿಗೆ ಎಲ್ಲರೂ ಬುತ್ತಿ ಕಟ್ಟಿಕೊಂಡೇ ಹೊರಡುತ್ತಿದ್ದರು. ಅರಮನೆಯವರು ಹೊರಟರೆ ಅಡುಗೆಯವರು, ಪಾತ್ರೆ, ಒಲೆ ಎಲ್ಲ ಜೊತೆಗೇ ಹೊರಡಬೇಕು. ಹಾಗಾಗಿ ಮಲಗುವ ಕೋಣೆಯಿಂದ ಅಡುಗೆಮನೆ ತನಕ ಒಂದು ಮನೆಯನ್ನೇ ಗಾಲಿ ಮೇಲೆ ಇಟ್ಟಿದ್ದಾರೆ. ಅದೂ ಮೀಟರ್ ಗೇಜ್ ಅಗಲದಲ್ಲಿ. ಹಳಿಗಳ ನಡುವೆ ಬರೀ 1 ಮೀಟರ್, ಈಗಿನ ಬ್ರಾಡ್‌ಗೇಜ್ ಅಂದರೆ 1,676 ಮಿಲಿಮೀಟರ್. ಅಷ್ಟು ಕಿರಿದಾದ ಬೋಗಿಯಲ್ಲಿ, ಅಲುಗಾಡುತ್ತಾ ಹೋಗುವಾಗ, ಅರಮನೆ ಅಡುಗೆ ಮಾಡಿ ಬಡಿಸಬೇಕಾದವರ ಪಾಡನ್ನು ನೆನೆದೇ ನಾನು ಅಲ್ಲಿ ಜಾಸ್ತಿ ಹೊತ್ತು ನಿಂತೆ.

1899ರಲ್ಲಿ ಮೈಸೂರಿನ ಆಡಳಿತ ನಡೆಸುತ್ತಿದ್ದವರೂ ಒಬ್ಬ ಮಹಾರಾಣಿಯೇ ಅನ್ನೋದು ನೆನಪಿರಲಿ. ಚಾಮರಾಜೇಂದ್ರ ಒಡೆಯರ್ 1894ರ ಕೊನೆಯಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡರು. ಮಗ ಕೃಷ್ಣರಾಜರಿಗೆ ಆಗಿನ್ನೂ 10 ವರ್ಷ. 1902ರಲ್ಲಿ ಅವರು ಅಧಿಕಾರ ವಹಿಸಿಕೊಳ್ಳುವ ತನಕ ತಾಯಿ ಕೆಂಪನಂಜಮ್ಮಣ್ಣಿ, ಅಂದರೆ ವಾಣಿ ವಿಲಾಸ ಸನ್ನಿಧಾನದವರು, ರೀಜೆಂಟ್ ಆಗಿ ರಾಜ್ಯ ನೋಡಿಕೊಂಡರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ, ವಾಣಿ ವಿಲಾಸ ರಸ್ತೆ, ಹಿರಿಯೂರಿನ ವಾಣಿ ವಿಲಾಸ ಸಾಗರ, ದಿನಾ ಬಾಯಲ್ಲಿ ಬರೋ ಹೆಸರು. ಆ ಕಾಲದ ಬೋಗಿ ಕಣ್ಣೆದುರಿಗೆ ಇರುವಾಗ ಈ ಕಥೆಯನ್ನೂ ಮಕ್ಕಳಿಗೆ ಹೇಳಿ.

ಆದರೆ ನನಗೆ ಈ ಬೋಗಿ ಮುಂದೆ ನಿಂತಾಗಲೆಲ್ಲ ನೆನಪಾಗೋದು ಇನ್ನೊಂದು. ಇದು ಓಡಿದ ಹಳಿ ಹೇಗೆ ಬಂತು ಅನ್ನೋದು. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಜೋಲಾರ್‌ಪೇಟೆ ಕಡೆಯಿಂದ ದಂಡಿಗೆ, ಅಂದರೆ ಕಂಟೋನ್ಮೆಂಟ್‌ಗೆ. ಅಲ್ಲಿಂದ ಮೈಸೂರು ಕಡೆಗೆ ಹಳಿ ಹಾಕೋ ಕೆಲಸ ಶುರುವಾಗಿದ್ದು ದೊಡ್ಡ ಬರಗಾಲದಲ್ಲಿ. ನಮ್ಮ ಹಳ್ಳಿ ಕಡೆ ಧಾತು ಈಶ್ವರದ ಬರ ಅಂತಾರಲ್ಲ, 1876ರಿಂದ 78ರ ತನಕದ್ದು, ಅದೇ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ಸುಮಾರು 50 ಲಕ್ಷ ಇತ್ತು. 1881ರಲ್ಲಿ ಮತ್ತೆ ಎಣಿಸಿದಾಗ 42 ಲಕ್ಷ ಕೂಡ ತುಂಬಲಿಲ್ಲ. ಹೊಟ್ಟೆಗಿಲ್ಲದೆ ಊರು ಬಿಟ್ಟವರಿಗೆ ಕೂಲಿ ಕೊಡೋದಕ್ಕೆ ಅಂತ ಶುರು ಮಾಡಿದ ಪರಿಹಾರದ ಕೆಲಸಗಳಲ್ಲಿ ಈ ರೈಲು ದಾರಿಯ ಮಣ್ಣಿನ ಕೆಲಸವೂ ಒಂದು. ಆ ದಾರಿ ಮೈಸೂರು ಮುಟ್ಟಿದ್ದು 1882ರಲ್ಲಿ.

ಬರದಲ್ಲಿ ಹಸಿದವರು ಹೊತ್ತು ಹಾಕಿದ ಮಣ್ಣಿನ ಮೇಲೆ, ಇಪ್ಪತ್ತು ವರ್ಷದ ಅಂತರದಲ್ಲಿ, ಒಂದು ಊಟದ ಬೋಗಿ ಹೋಗಿದೆ. ರಾಣಿಯವರ ಮೇಲೆ ನನಗೇನೂ ಸಿಟ್ಟಿಲ್ಲ, ಒಳ್ಳೆಯ ಕೆಲಸ ಮಾಡಿದವರು ಅವರು. ಆದರೂ ಈ ಎರಡನ್ನೂ ಒಟ್ಟಿಗೆ ನೋಡಬೇಕು ಅನ್ನೋದು ನನ್ನ ಆಸೆ. ಚಾಮುಂಡಿ ಗ್ಯಾಲರಿಯಲ್ಲಿ ರೈಲ್ವೆ ಬೆಳೆದು ಬಂದ ಬಗ್ಗೆ ಫೋಟೋ, ಚಿತ್ರಗಳಿವೆ. ಬೋಗಿ ನೋಡಿದ ಮೇಲೆ ಅಲ್ಲಿಗೆ ಹೋಗಿ ನಿಧಾನವಾಗಿ ನೋಡಿ. ಹಳಿ ಹಾಕಿದವರ ಹೆಸರು ಎಲ್ಲೂ ಉಳಿದಿಲ್ಲ, ಅವರು ಹಾಕಿದ ದಾರಿಯಲ್ಲಿ ನಾವು ಇವತ್ತಿಗೂ ಓಡಾಡುತ್ತಿದ್ದೇವೆ.

ಹಾಗಾದರೆ ಮಾಮೂಲಿ ಪ್ರಯಾಣಿಕರು ದಾರಿಯಲ್ಲಿ ಏನು ತಿನ್ನುತ್ತಿದ್ದರು? ಇದಕ್ಕೆ ಉತ್ತರ ಮ್ಯೂಸಿಯಂನಲ್ಲಿ ಹುಡುಕಬೇಕಿಲ್ಲ, ನಮ್ಮೆಲ್ಲರಿಗೂ ಗೊತ್ತು, ಮದ್ದೂರು ವಡೆ! ಬೆಂಗಳೂರಿಂದ ಮೈಸೂರಿಗೆ ಸುಮಾರು 138 ಕಿಲೋಮೀಟರ್, ಮದ್ದೂರು ಹೆಚ್ಚುಕಡಿಮೆ ನಡುವೆ. ಸ್ಟೀಮ್ ಎಂಜಿನ್ ಬಾಯಾರುತ್ತೆ, ನೀರು ತುಂಬಿಸೋಕೆ ಗಾಡಿ ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತಿತ್ತು. ಕುಂದಾಪುರ ಕಡೆಯಿಂದ ಬಂದ ರಾಮಚಂದ್ರ ಬುದ್ಯ ಅನ್ನುವವರು 1917ರಲ್ಲಿ ಸ್ಟೇಷನ್‌ನಲ್ಲೇ ವಡೆ ವ್ಯಾಪಾರ ಶುರು ಮಾಡಿದರು ಅಂತಾರೆ. ಪಕೋಡ ಮಾಡೋ ಹಿಟ್ಟು ಕಲಸಿಟ್ಟಿದ್ದಾಗ ಗಾಡಿ ಬೇಗ ಬಂದುಬಿಡ್ತು, ಒಂದೊಂದೇ ಬಿಡೋಕೆ ಹೊತ್ತಿಲ್ಲ ಅಂತ ತಟ್ಟಿ ಹಾಕಿದರು, ಅದೇ ವಡೆ ಆಯ್ತು ಅನ್ನೋದು ಊರೆಲ್ಲ ಹೇಳೋ ಕಥೆ. ಚಿಕ್ಕಪ್ಪ ಅಂತೂ ಈ ಕಥೆ ಬಂದರೆ ಬಿಡಲ್ಲ. “ನಮ್ ನೀರಿಂದಾನೇ ಆ ವಡೆ ಹುಟ್ಟಿದ್ದು” ಅಂತ ಎದೆ ತಟ್ಟಿಕೊಳ್ತಾರೆ. ಅವರು ಹೇಳೋದು ಸರಿಯಾಗಿಯೇ ಇದೆ, ಎಂಜಿನ್‌ಗೆ ನೀರು ಬೇಡವಾಗಿದ್ದರೆ ಗಾಡಿ ಅಲ್ಲಿ ಅಷ್ಟು ಹೊತ್ತು ನಿಲ್ಲುತ್ತಲೇ ಇರಲಿಲ್ಲ.

ಶೌಚದ ಕೋಣೆ ಬಗ್ಗೆಯೂ ಒಂದು ಮಾತು. ರಾಣಿಯ ಬೋಗಿಯಲ್ಲಿ 1899ರಲ್ಲೇ ಅದು ಇತ್ತು. ಮೂರನೇ ದರ್ಜೆಯ ಜನಕ್ಕೆ ಆಗ ಅದು ಎಲ್ಲಿ ಬಂತು, ಸ್ಟೇಷನ್ ಬಂದಾಗ ಇಳಿದು ಓಡಬೇಕು. ಬಂಗಾಳದ ಕಡೆ ಓಖಿಲ್ ಚಂದ್ರ ಸೇನ್ ಅನ್ನುವ ಪ್ರಯಾಣಿಕರು ಹಾಗೆ ಇಳಿದಾಗ ಗಾರ್ಡ್ ಸೀಟಿ ಊದಿ ಗಾಡಿ ಹೊರಟೇಬಿಟ್ಟಿತು. ಅವರು 1909ರಲ್ಲಿ ರೈಲ್ವೆಗೆ ಬರೆದ ದೂರಿನ ಪತ್ರ ದೆಹಲಿ ಮ್ಯೂಸಿಯಂನಲ್ಲಿದೆ. ಬೋಗಿಗಳಲ್ಲಿ ಶೌಚಾಲಯ ಬಂದದ್ದಕ್ಕೆ ಆ ಪತ್ರವೇ ಕಾರಣ ಅಂತ ಹೇಳುವುದುಂಟು. ಮೈಸೂರಿನ ಆ ಕೋಣೆ ನೋಡುವಾಗ ಈ ಪತ್ರ ನೆನಪು ಮಾಡಿಕೊಳ್ಳಿ.

ಮಿಕ್ಕಿದ್ದು ಬೇಗ ಹೇಳ್ತೀನಿ. ಹಳೆಯ ಸಿಗ್ನಲ್, ದೀಪ, ಟೆಲಿಫೋನ್, ಟಿಕೆಟ್ ಎಲ್ಲ ಇವೆ. ಆ ರಟ್ಟಿನ ಪುಟ್ಟ ಟಿಕೆಟ್ ಈಗಿನ ಮಕ್ಕಳು ನೋಡಿಯೇ ಇಲ್ಲ. ಬೆಂಗಳೂರು ಮೈಸೂರು ದಾರಿ ಎಷ್ಟೋ ಕಾಲ ಒಂದೇ ಹಳಿ ಇದ್ದದ್ದು. ಎದುರುಬದುರು ಎರಡು ಗಾಡಿ ಬರದ ಹಾಗೆ ಟೋಕನ್ ಪದ್ಧತಿ ಇತ್ತು. ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಒಂದೇ ಟೋಕನ್ ಹೊರಗೆ ಬರುತ್ತೆ, ಅದು ಯಾವ ಡ್ರೈವರ್ ಕೈಯಲ್ಲಿದೆಯೋ ಅವನಿಗೆ ಮಾತ್ರ ದಾರಿ. ಓಡುವ ಗಾಡಿಯಿಂದ ಬಗ್ಗಿ ಬೆತ್ತದ ಬಳೆಯಲ್ಲಿದ್ದ ಟೋಕನ್ ಅನ್ನು ತೋಳಿಗೆ ಹಾಕಿಕೊಳ್ಳೋದನ್ನು ಚಿಕ್ಕಪ್ಪ ಅಲ್ಲೇ ನಿಂತು ಮಾಡಿ ತೋರಿಸಿದರು. ಸುತ್ತ ಇದ್ದ ಒಂದಷ್ಟು ಮಕ್ಕಳೂ ಬಂದು ನಿಂತವು, ಅವರ ಅಪ್ಪ ಅಮ್ಮಂದಿರೂ ಪ್ರಶ್ನೆ ಕೇಳೋಕೆ ಶುರು ಮಾಡಿದರು. ನನ್ನ ಪ್ರಕಾರ ಅವತ್ತಿನ ಅತಿ ಒಳ್ಳೆಯ ಹೊತ್ತು ಅದೇ.

ಮಕ್ಕಳಿಗೆ ಬ್ಯಾಟರಿಯಲ್ಲಿ ಓಡುವ ಪುಟ್ಟ ರೈಲು ಇದೆ, ಅಂಗಳದಲ್ಲೇ ಒಂದು ಸುತ್ತು. ದೊಡ್ಡವರೂ ಕೂತಿರುತ್ತಾರೆ, ಸಂಕೋಚ ಬೇಡ.

ಬೇಜಾರಾದದ್ದು ಒಂದೇ ವಿಷಯಕ್ಕೆ, ಅದು ನೋಡೋಕೆ ಬರೋ ಜನರಿಂದ. ಒಬ್ಬ ಹುಡುಗ ಕೀಲಿಕೈಯಿಂದ ಎಂಜಿನ್ ಬಣ್ಣದ ಮೇಲೆ ಹೆಸರು ಕೆರೆಯುತ್ತಿದ್ದ, ಜೊತೆಯಲ್ಲಿದ್ದವರು ನಗುತ್ತಾ ವಿಡಿಯೋ ಮಾಡುತ್ತಿದ್ದರು. ಚಿಕ್ಕಪ್ಪ ಹೋಗಿ, “ಮಗಾ, ಇದರ ಮೇಲೆ ಬಣ್ಣ ಹೋದ ಜಾಗದಲ್ಲಿ ತುಕ್ಕು ಹಿಡಿಯುತ್ತೆ, ಇಂಥ ಎಂಜಿನ್ ಮತ್ತೆ ಯಾರೂ ಮಾಡಲ್ಲ” ಅಂತ ಮೆಲ್ಲಗೆ ಹೇಳಿದರು. ಅವನು ಸಾರಿ ತಾತ ಅಂದು ಕೀಲಿಕೈ ಜೇಬಿಗೆ ಹಾಕಿದ. ಬಯಲಲ್ಲಿ ಮಳೆ ಬಿಸಿಲಿಗೆ ನಿಂತಿರೋ ಕಬ್ಬಿಣ, ಅದಕ್ಕೆ ಬಣ್ಣವೇ ರಕ್ಷೆ. ಮುಟ್ಟೋಕೆ ಬಿಟ್ಟಿದ್ದಾರೆ ಅಂದರೆ ನಂಬಿ ಬಿಟ್ಟಿದ್ದಾರೆ. ಮಕ್ಕಳಿಗೆ ಒಳಗೆ ಹೋಗೋ ಮೊದಲೇ ಇದನ್ನು ಹೇಳಿಬಿಡಿ.

ಬೆಳಗ್ಗೆ ಹೋಗೋದು ಒಳ್ಳೆಯದು. ಮಧ್ಯಾಹ್ನ ಕಬ್ಬಿಣ ಕಾದು ಕೈ ಇಡೋಕಾಗಲ್ಲ, ಬೇಸಿಗೆಯಲ್ಲಂತೂ ಟೋಪಿ, ನೀರು ಬೇಕೇ ಬೇಕು. ಪೆವಿಲಿಯನ್ ಮತ್ತು ಗ್ಯಾಲರಿಯನ್ನು ಬಿಸಿಲು ಏರಿದ ಮೇಲೆ ನೋಡೋಣ ಅಂತ ಬಿಟ್ಟರೆ ಅಷ್ಟು ಹೊತ್ತಿಗೆ ಮಕ್ಕಳು ಹಸಿವು ಅಂತ ಶುರು ಮಾಡಿರುತ್ತಾರೆ. ವಾರದ ರಜೆ ದಿನ ಯಾವುದು ಅಂತ ಹೊರಡೋ ಮುಂಚೆ ವಿಚಾರಿಸಿಕೊಳ್ಳಿ. ಎರಡು ಗಂಟೆ ಇಟ್ಟುಕೊಂಡು ಹೋದರೆ ನಿಧಾನವಾಗಿ ನೋಡಬಹುದು.

ಓಡುವ ಮಾಡೆಲ್ ರೈಲು ನೋಡಲೇಬೇಕು ಅನ್ನೋ ಮಕ್ಕಳಿದ್ದರೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ. ಅಲ್ಲಿನ ರೈಲ್ವೆ ಮ್ಯೂಸಿಯಂ 2020ರ ಆಗಸ್ಟ್‌ನಲ್ಲಿ ಶುರುವಾದದ್ದು, ಗದಗ ರಸ್ತೆ ಕಡೆ. 1907ರಲ್ಲಿ ಕಟ್ಟಿದ ಮಲಪ್ರಭಾ, ಘಟಪ್ರಭಾ ಅನ್ನುವ ಎರಡು ಹಳೆಯ ಮನೆಗಳನ್ನೇ ಉಳಿಸಿಕೊಂಡು ಮ್ಯೂಸಿಯಂ ಮಾಡಿದ್ದಾರೆ. ಹಳೇ ಕಟ್ಟಡ ಕೆಡವದೆ ಹೀಗೆ ಬಳಸಿಕೊಂಡದ್ದೇ ನನಗೆ ದೊಡ್ಡ ಖುಷಿ. ನ್ಯಾರೋಗೇಜ್ ಎಂಜಿನ್‌ಗಳು, ಬೋಗಿಯೊಳಗೆ ಥಿಯೇಟರ್, ಟಾಯ್ ಟ್ರೈನ್, ಟಿಕೆಟ್ ಮುದ್ರಿಸುವ ಯಂತ್ರ, ಕ್ಯಾಂಟೀನ್, ಇದರ ಜೊತೆ ಮಾಡೆಲ್ ರೈಲು ಓಡಿಸಿ ತೋರಿಸೋಕೇ ಒಂದು ಕೋಣೆ. ದೊಡ್ಡ ರೈಲಿನಲ್ಲಿ ಕೂತವರಿಗೆ ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತೆ ಅಂತ ಯಾವತ್ತೂ ಕಾಣಲ್ಲ. ಮೇಜಿನ ಮೇಲೆ ಮಾಡೆಲ್ ಓಡುವಾಗ ಹಳಿ ಕೂಡುವ ಜಾಗದ ಪಾಯಿಂಟ್ ಸರಿಯೋದು, ದಾರಿ ಬದಲಾಗೋದು ಎಲ್ಲ ಒಂದೇ ನೋಟಕ್ಕೆ ಸಿಗುತ್ತೆ. ಅದನ್ನು ಆಟ ಅಂದುಕೊಳ್ಳಬೇಡಿ, ಮಗುವಿಗೆ ಪೂರ್ತಿ ರೈಲ್ವೆ ಅರ್ಥವಾಗೋದು ಅಲ್ಲೇ. ಮೈಸೂರಿನಲ್ಲೂ ಹಾಗೊಂದು ದೊಡ್ಡ ಮಾಡೆಲ್ ಇಟ್ಟು, ಬೆಂಗಳೂರಿಂದ ಮೈಸೂರು ತನಕದ ಹಳೆಯ ಮೀಟರ್ ಗೇಜ್ ದಾರಿಯನ್ನು, ಮದ್ದೂರಿನ ನೀರಿನ ಟ್ಯಾಂಕ್ ಸಮೇತ, ಶ್ರೀರಂಗಪಟ್ಟಣದ ಕಾವೇರಿ ಸೇತುವೆ ಸಮೇತ ಮಾಡಿದರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ? ಚಿಕ್ಕಪ್ಪನಂಥವರು ಇನ್ನೂ ಇದ್ದಾರೆ, ಯಾವ ಸ್ಟೇಷನ್‌ನಲ್ಲಿ ಎಷ್ಟು ಹಳಿ ಇತ್ತು ಅಂತ ಅವರನ್ನು ಕೇಳಿಯೇ ಮಾಡಬಹುದು.

ಕೊನೆಗೆ ದೆಹಲಿಯಲ್ಲಿರೋ ಕನ್ನಡಿಗರಿಗೆ, ಅಲ್ಲಿಗೆ ಹೋಗಿಬರುವವರಿಗೆ. ಮಹಾರಾಣಿಯ ಬೋಗಿ ಮೈಸೂರಿನಲ್ಲಿದೆ, ಮೈಸೂರು ಮಹಾರಾಜರ ಸಲೂನ್ ಇರೋದು ದೆಹಲಿಯ ಚಾಣಕ್ಯಪುರಿಯ ಮ್ಯೂಸಿಯಂನಲ್ಲಿ. ಅದೂ 1899ರದ್ದೇ, ತೇಗದ ಮರದ್ದು, ಚಿನ್ನ ಮತ್ತು ದಂತದ ಕೆಲಸಕ್ಕೆ ಹೆಸರಾದದ್ದು. ಕರ್ನಾಟಕ ಭವನ ಕೂಡ ಚಾಣಕ್ಯಪುರಿಯಲ್ಲೇ ಇದೆ, ಅಲ್ಲಿ ಇಳಿದುಕೊಂಡವರಿಗೆ ಏನೂ ದೂರ ಅಲ್ಲ. ಮೈಸೂರಿನಲ್ಲಿ ಒಂದನ್ನು ನೋಡಿದ್ದರೆ ದೆಹಲಿಯಲ್ಲಿ ಇನ್ನೊಂದನ್ನು ತಪ್ಪಿಸಬೇಡಿ. ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು, ಭವನದಲ್ಲಿ ಇಡ್ಲಿ ಕಾಫಿ ಮುಗಿಸಿ ಆಟೋ ಹತ್ತಿದರೆ ಮಧ್ಯಾಹ್ನದ ಕೆಲಸಕ್ಕೆ ವಾಪಸ್ ಬರಬಹುದು.